ಬಾಯಿಪಾಠವಾದ ಪ್ರತಿಜ್ಞೆ

ನಿಮ್ಮ ಮನೆಯ ಮಕ್ಕಳಿಗೆ ಏನೇನು ಬಾಯಿಪಾಠ ಬರುತ್ತದೆ, ಒಮ್ಮೆ ನೆನಪು ಮಾಡಿಕೊಳ್ಳಿ. ಮಗ್ಗಿ ಬರುತ್ತದೆ. ವಾರ, ತಿಥಿ, ನಕ್ಷತ್ರ ಬರುತ್ತವೆ. ಶ್ಲೋಕ ಬರುತ್ತದೆ. ಶಾಲೆಯಲ್ಲಿ ದಿನವೂ ಹೇಳುವುದರಿಂದ ರಾಷ್ಟ್ರಗೀತೆ, ಪ್ರತಿಜ್ಞೆಗಳೂ ಬರುತ್ತವೆ. ಬರುವುದೇನೋ ಸರಿ. ಅದರ ಅರ್ಥವೇನು ಮಗಾ ಎಂದು ಯಾವತ್ತಾದರೂ ಕೇಳಿದ್ದೀರಾ? ಕೇಳದೇ ಇದ್ದರೆ ಈ ಕಥೆ ನಿಮಗಾಗಿಯೇ. ಒಲೆಯ ಮೇಲೆ ಹಾಲಿಟ್ಟವರು ಇಳಿಸಿ ಬನ್ನಿ. ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ.

ಇದು ದೇಶಕ್ಕೆ ಸ್ವಾತಂತ್ರ್ಯ ಬಂದು ಐವತ್ತು ತುಂಬಿದ ವರ್ಷದ ಮಾತು. ಯಲ್ಲಾಪುರದ ಕಡೆ ಬಾಳೆಗದ್ದೆ ಎಂಬ ಸಣ್ಣ ಊರು. ಅಲ್ಲಿಯ ನಾಗಪತಿ ಹೆಗಡೆ ಮತ್ತು ಗಂಗಾ ದಂಪತಿಗೆ ಒಬ್ಬಳೇ ಮಗಳು ಅಭಿಜ್ಞಾ. ಐದನೇ ಇಯತ್ತೆ. ದೀಪ ಹಚ್ಚುತ್ತಲೇ ದೇವರ ಮುಂದೆ ಕಾಲು ಮಡಚಿ ಕೂತು ಬಾಯಿಪಾಠ ಒಪ್ಪಿಸುವುದು ಆ ಮನೆಯ ರೂಢಿ. ಅಜ್ಜಿ ವೆಂಕಮ್ಮ ಬತ್ತಿ ಹೊಸೆಯುತ್ತ ಕೇಳಿಸಿಕೊಳ್ಳುತ್ತಿದ್ದರು.

ಶ್ಲೋಕ ಆಯಿತು, ಮಗ್ಗಿ ಆಯಿತು. ಆಮೇಲೆ ಅಭಿಜ್ಞಾ ಕಣ್ಣು ಮುಚ್ಚಿ, ಕೈ ಮುಗಿದು, ಸ್ತೋತ್ರದ ಧಾಟಿಯಲ್ಲಿ ರಾಷ್ಟ್ರಗೀತೆ ಹೇಳಿದಳು. ಅದರ ಬೆನ್ನಿಗೇ ಪ್ರತಿಜ್ಞೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ದೇವರಿಗೆ ಅಡ್ಡಬಿದ್ದಳು.

"ಒಂದು ಅಕ್ಷರ ತಪ್ಪಿದ್ದಿಲ್ಲೆ ನೋಡು!" ಎಂದರು ವೆಂಕಮ್ಮ. "ಸರಸ್ವತಿ ನಾಲಿಗೆ ಮೇಲೇ ಕೂತಿದ್ದು ನಮ್ಮ ಕೂಸಿಗೆ."

ಗಂಗಾ ಅಡುಗೆಮನೆಯಿಂದ ಇಣುಕಿದಳು. "ಕೂಸೆ, ರಾಷ್ಟ್ರಗೀತೆ ನಿಂತ್ಕಂಡು ಹೇಳವು."

"ಶಾಲೆಲ್ಲಿ ನಿಂತ್ಕಂಡೇ ಹೇಳ್ತ್ಯ ಆಯಿ. ಮನೆಲ್ಲಿ ಎಂತಕ್ಕೆ? ಕಾಲು ನೋವಾಗ್ತು."

ಪೇಪರು ಓದುತ್ತಿದ್ದ ನಾಗಪತಿ ನಕ್ಕರು. ಗಂಗಾಳೂ ನಕ್ಕು ಒಳಗೆ ಹೋದಳು. ಸಾರು ಕುದಿಯುತ್ತಿತ್ತು.

ಆ ವರ್ಷ ಆಗಸ್ಟ್ ಹದಿನೈದು ಜೋರಾಗಿ ಆಗಬೇಕೆಂದು ಊರೆಲ್ಲ ಮಾತಾಡಿಕೊಂಡಿತ್ತು. ತಂದೆ ತಾಯಿಯರೂ ಶಾಲೆಗೆ ಬರಬೇಕು. ಎಲ್ಲರ ಎದುರಿಗೆ ಒಬ್ಬರು ಮುಂದೆ ನಿಂತು ಪ್ರತಿಜ್ಞೆ ಹೇಳಿಸಬೇಕು. ಆ ಒಬ್ಬರು ತಾನೇ ಎಂಬುದರಲ್ಲಿ ಅಭಿಜ್ಞಾಳಿಗೆ ಸಂಶಯವೇ ಇರಲಿಲ್ಲ. ಹೋಗುತ್ತ ಬರುತ್ತ, ಹಲ್ಲುಜ್ಜುತ್ತ, ಜಡೆ ಹಾಕಿಸಿಕೊಳ್ಳುತ್ತ ಪ್ರತಿಜ್ಞೆ ಹೇಳಿದ್ದೇ ಹೇಳಿದ್ದು.

ಒಂದು ದಿನ ಶಾಲೆಯಿಂದ ಬಂದವಳೇ ಪಾಟಿಚೀಲವನ್ನು ಜಗುಲಿಯ ಮೇಲೆ ಒಗೆದಳು.

"ಎಂತಾ ಆತೆ?" ಎಂದಳು ಗಂಗಾ.

"ಅಕ್ಕೋರು ಭಾಗೂನ ಆರಿಸಿದ್ದ!"

ಭಾಗೂ ಎಂದರೆ ಭಾಗೂಬಾಯಿ. ಊರಾಚೆಯ ಗೌಳಿವಾಡೆಯ ಧೋಂಡು ಮತ್ತು ಠಕೂಬಾಯಿಯರ ಮಗಳು. ಎಮ್ಮೆ ಸಾಕಿ ಬೆಣ್ಣೆ, ಗೊಬ್ಬರ ಮಾರುವ ಜನ. ಮನೆಯಲ್ಲಿ ಆಡುವುದು ಮರಾಠಿ. ಆ ವಾಡೆಯಿಂದ ಐದನೇ ಇಯತ್ತೆಯವರೆಗೆ ಬಂದ ಹೆಣ್ಣುಮಗು ಇವಳೊಬ್ಬಳೇ. ಗುಡ್ಡದ ಈ ತಲೆಯಲ್ಲಿ ನಿಂತು ಆ ತಲೆಯ ಎಮ್ಮೆಯನ್ನು ಕೂಗಿ ಕರೆಯುವ ಹುಡುಗಿ. ಅವಳ ದನಿ ಶಾಲೆಯ ಅಂಗಳದ ಕೊನೆಗೂ ಮುಟ್ಟುತ್ತದೆ ಎಂದೇ ಶಾಲೆಯ ಶಿಕ್ಷಕಿ ವಿನೋದಾ ಅಕ್ಕೋರು ಅವಳನ್ನು ಆರಿಸಿದ್ದರು.

"ಗೌಳ್ಯರ ಕೂಸಾ?" ವೆಂಕಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಅದಕ್ಕೆ ಕನ್ನಡ ಬತ್ತನೆ? ಎಲ್ಲಿಂದಲೋ ಬಂದವು ಅವು. ನಮ್ಮ ಶಾಲೆಲ್ಲಿ ಬೇರೆ ಊರವು ಪ್ರತಿಜ್ಞೆ ಹೇಳ್ಸೂದಡ!"

ಅಜ್ಜಿ ಅಂದರು, ಮರೆತರು. ಮಗು ಮರೆಯಲಿಲ್ಲ.

ಕೆಲವು ದಿನ ಕಳೆದವು. ಪಂಚಮಿ ಹಬ್ಬ ಹತ್ತಿರ ಬಂದಿತ್ತು. ಠಕೂಬಾಯಿ ತಲೆಯ ಮೇಲೆ ಬೆಣ್ಣೆಯ ಗಡಿಗೆ ಹೊತ್ತು ಬಂದಳು. ಯಾವಾಗಲೂ ಜೊತೆಗೆ ಭಾಗೂ ಇರುತ್ತಿದ್ದಳು. ಆ ದಿನ ಇರಲಿಲ್ಲ.

"ಮಗಳೆಲ್ಲಿ ಠಕೂಬಾಯಿ? ಶಾಲೆಗೆ ಹೋದ್ಲಾ?" ಗಂಗಾ ಬೆಣ್ಣೆಗೆ ಪಾತ್ರೆ ಹಿಡಿಯುತ್ತ ಕೇಳಿದಳು.

"ಶಾಳಿ ಬಂದ್ ಆತ್ರಿ ಅಮ್ಮಾ. ಇನ್ನ ಎಮ್ಮಿ ಕಾಯ್ತಾಳ."

"ಅಯ್ಯೋ, ಯಾಕೆ? ಪ್ರತಿಜ್ಞೆ ಹೇಳಿಸೋಳು ಅವಳಲ್ವಾ?"

ಠಕೂಬಾಯಿ ಬೆಣ್ಣೆಯನ್ನು ಕೈಯಿಂದ ಸವರಿ ಹಾಕಿದಳು. ಗಂಗಾಳ ಮುಖ ನೋಡಲಿಲ್ಲ. "ನಿಮ್ಮ ಮಗಳನ್ನ ಕೇಳ್ರಿ," ಎಂದಳು. ಬಾಗಿಲವರೆಗೆ ಹೋದವಳು ತಿರುಗಿದಳು. "ನಮ್ಮ ಅಜ್ಜನ ಅಜ್ಜ ಇದ ಗುಡ್ಡದಾಗ ಮಣ್ಣಾಗ್ಯಾನ್ರಿ ಅಮ್ಮಾ. ನಿಮ್ಮ ದೇಶಕ್ಕ ಹೋಗ್ರಿ ಅಂದ್ರ, ಎಲ್ಲಿಗೆ ಹೋಗೂದು?"

ಗಂಗಾಳ ಕೈಯಲ್ಲಿದ್ದ ಪಾತ್ರೆ ಹಾಗೆಯೇ ನಿಂತಿತು.

ಸಂಜೆ ಅಭಿಜ್ಞಾ ಬಂದಳು. ಗಂಗಾ ಗದರಲಿಲ್ಲ. ಮಗಳಿಗೆ ತಿನ್ನಲು ಕೊಟ್ಟು, ಎದುರಿಗೆ ಮೆಟ್ಟುಗತ್ತಿ ಇಟ್ಟುಕೊಂಡು ಸೌತೆಕಾಯಿ ಹೆಚ್ಚಲು ಕೂತಳು. ಕೈಗೆ ಕೆಲಸವಿದ್ದರೆ ಸಿಟ್ಟು ಕೈಯಲ್ಲೇ ಇಳಿದುಹೋಗುತ್ತದೆ, ತಾಯಂದಿರಿಗೆ ಇದು ಗೊತ್ತು.

"ಭಾಗೂಗೆ ಎಂತ ಹೇಳ್ದೆ ಕೂಸೆ?"

ಅಭಿಜ್ಞಾ ತಲೆ ತಗ್ಗಿಸಿದಳು. ಸ್ವಲ್ಪ ಸ್ವಲ್ಪವಾಗಿ ವಿಷಯ ಹೊರಗೆ ಬಂತು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೆಲ್ಲ ಒಳಗೆ ಹೋಗಿ ಚಾಪೆಯ ಮೇಲೆ ಕೂರುತ್ತಾರೆ. ಆ ದಿನ ಭಾಗೂ ಕೂರಲು ಬಂದಾಗ ಅಭಿಜ್ಞಾ ಕಾಲು ಚಾಚಿ ಜಾಗ ಮುಚ್ಚಿದಳು. "ಇದು ನಮ್ಮ ದೇಶದ ಪ್ರತಿಜ್ಞೆ. ನೀ ನಿಮ್ಮ ದೇಶಕ್ಕೆ ಹೋಗಿ ನಿಮ್ಮದು ಹೇಳು" ಎಂದಳು. ಉಳಿದ ಹುಡುಗಿಯರು ನಕ್ಕರು. ಭಾಗೂ ಗೋಡೆಯ ಹತ್ತಿರ ಬರೀ ನೆಲದ ಮೇಲೆ ಕೂತಳು. ಮರುದಿನದಿಂದ ಬರಲಿಲ್ಲ.

"ಪ್ರತಿಜ್ಞೆ ಹೇಳು ನೋಡನ," ಎಂದಳು ಗಂಗಾ.

ಅಭಿಜ್ಞಾ ಒಂದೇ ಉಸಿರಿಗೆ ಹೇಳಿದಳು.

"ಅದ್ರಲ್ಲಿ ಎರಡನೇ ಮಾತು ಯಾವ್ದು?"

"ಮೊದ್ಲಿಂದ ಹೇಳವು ಆಯಿ. ನಡುವಿಂದು ಬತ್ತಿಲ್ಲೆ."

ಮತ್ತೆ ಮೊದಲಿಂದ ಶುರುಮಾಡಿ, ತಡೆದು, ಹಿಂದೆ ಹೋಗಿ, ಮುಂದೆ ಬಂದು, ಕೊನೆಗೆ ಆ ಮಾತು ಸಿಕ್ಕಿತು. ಭಾರತೀಯರೆಲ್ಲ ನನ್ನ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಂಬ ಮಾತು.

"ಭಾಗೂ ಭಾರತೀಯಳಾ ಅಲ್ದಾ?"

"ಅದು ಗೌಳಿ ಆಯಿ. ಮರಾಠಿ."

"ಹಾಂಗಾರೆ ನೀನು?"

"ಆನು ಹೆಗಡೇರ ಮನೆದು."

"ಹಾಂಗಾರೆ ಈ ಭಾರತೀಯರು ಎಲ್ಲಿದ್ದ ಮಗಾ?"

ಅಭಿಜ್ಞಾ ಯೋಚಿಸಿದಳು. "ದಿಲ್ಲಿಲ್ಲಿ," ಎಂದಳು.

ಗಂಗಾಳಿಗೆ ನಗು ಬರಲಿಲ್ಲ. ಹತ್ತು ವರ್ಷದ ಮಗು. ಒಂದನೇ ಇಯತ್ತೆಯಿಂದ ಕೈ ಚಾಚಿ ದಿನವೂ ಹೇಳಿದ ಮಾತು. ಒಂದೂ ಒಳಗೆ ಇಳಿದಿಲ್ಲ.

"ರಾಷ್ಟ್ರಗೀತೆಗೆ ಅರ್ಥ ಎಂತ?" ಎಂದು ಕೇಳಿದಳು. ಮಗಳಿಗೆ ಗೊತ್ತಿಲ್ಲ. ತನಗೆ ಗೊತ್ತೇ ಎಂದು ಯೋಚಿಸಿದಳು. ಅಲ್ಲೊಂದು ಇಲ್ಲೊಂದು ಮಾತು ತಿಳಿಯುತ್ತದೆ, ಪೂರ್ತಿ ತಿಳಿಯದು. ಗಂಡನನ್ನು ಕೇಳಿದಳು. ಅವರೂ ಮೇಲೆ ನೋಡಿದರು, ಕೆಳಗೆ ನೋಡಿದರು.

"ಮಂತ್ರಕ್ಕೆ ಅರ್ಥ ಹುಡುಕ್ತವನೆ? ತಪ್ಪಿಲ್ದೆ ಹೇಳಿದ್ರೆ ಸಾಕು," ಎಂದು ನಾಗಪತಿ ಎಲೆಯಡಿಕೆಯ ತಟ್ಟೆ ಎಳೆದುಕೊಂಡರು. "ಮಕ್ಕಳ ಜಗಳ ಅದು. ನಾಳಿಗೆ ಸರಿಯಾಗ್ತು. ನೀ ತಲೆ ಹಾಕಡ."

ಗಂಗಾ ತಲೆ ಹಾಕಿದಳು. ಮರುದಿನ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಶಾಲೆಗೆ ಹೋದಳು.

ವಿನೋದಾ ಅಕ್ಕೋರು ಶಿರಸಿಯವರು. ಶಾಲೆಯ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಹಿಡಿದು ಇದ್ದರು. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಗಂಗಾಳನ್ನು ಕಂಡು ಹೊರಗೆ ಬಂದರು.

"ನೀವೇ ಬಂದ್ರಲ್ಲ, ಒಳ್ಳೆದಾಯ್ತು. ನಾನೇ ಬರಬೇಕು ಅಂತಿದ್ದೆ."

"ಅಕ್ಕೋರೆ, ನಮ್ಮ ಮಗಳು ಮಾಡಿದ್ದು ಕೇಳಿ ನಂಗೆ ನಿನ್ನೆ ಊಟ ಸೇರಲಿಲ್ಲ. ಭಾಗೂನ ಹೇಗಾದರೂ ಕರೆತರಬೇಕು."

"ನಾನು ಹೋಗಿ ಕರೆದೆ ಗಂಗಕ್ಕ. ಧೋಂಡು ಕೈ ಮುಗಿದು, ಹಾಲು ಕೊಟ್ಟು ಕಳಿಸಿದ. ಮಗಳನ್ನ ಕಳಿಸಲಿಲ್ಲ. ಇನ್ನೂ ಹೀಗೇ ಹೋದರೆ ಅವಳ ಹೆಸರು ತೆಗೀಬೇಕಾಗ್ತದೆ. ಒಮ್ಮೆ ಬಿಟ್ಟ ಮೇಲೆ ಹೆಣ್ಣುಮಕ್ಕಳು ತಿರುಗಿ ಬರೋದಿಲ್ಲ. ಅವಳ ಹಿಂದೆ ವಾಡೆಯಿಂದ ಇಬ್ಬರು ಸಣ್ಣ ಹುಡುಗಿಯರು ಒಂದನೇ ಇಯತ್ತೆಗೆ ಬರ್ತಾ ಇದ್ದಾರೆ. ಅವರೂ ಶಾಲೆ ಬಿಟ್ಟು ಹೋಗ್ತಾರೆ."

"ನಾವು ಹೋಗಿ ಕರೆದರೆ?"

"ಯಾರು ಹೋದರೂ ಬರಲಿಕ್ಕಿಲ್ಲ. ಕಾಲು ಚಾಚಿ ಜಾಗ ಮುಚ್ಚಿದವಳು ಹೋಗಿ ಜಾಗ ಬಿಡಬೇಕು. ಅದೂ ನಾವು ಹೊಡೆದು ಕಳಿಸಿದರೆ ಉಪಯೋಗ ಇಲ್ಲ. ಅವಳಿಗೇ ತಿಳೀಬೇಕು."

"ಅವಳಿಗೆ ಪ್ರತಿಜ್ಞೆಯ ಅರ್ಥವೇ ಗೊತ್ತಿಲ್ಲ ಅಕ್ಕೋರೆ."

ಅಕ್ಕೋರು ನಿಟ್ಟುಸಿರು ಬಿಟ್ಟರು. "ಬೆಳಿಗ್ಗೆ ಸಾಲು ನಿಲ್ಲಿಸೋದರಲ್ಲೇ ಹೊತ್ತು ಹೋಗ್ತದೆ. ಬಾಯಿಪಾಠ ಇಲ್ಲಿ ಆಗ್ತದೆ. ಅರ್ಥ ಇಲ್ಲೂ ಆಗಬೇಕು, ಮನೆಯಲ್ಲೂ ಆಗಬೇಕು. ಬನ್ನಿ, ಕೂತ್ಕೊಳ್ಳಿ."

ಇಬ್ಬರೂ ಶಾಲೆಯ ಮೆಟ್ಟಿಲ ಮೇಲೆ ಕೂತರು. ರಾಷ್ಟ್ರಗೀತೆಯ ಭಾಷೆ ಬಂಗಾಳಿ, ಅದರಲ್ಲಿ ಸಂಸ್ಕೃತದ ಮಾತು ಹೆಚ್ಚು, ಅದಕ್ಕೇ ನಮಗೆ ಅರ್ಧ ತಿಳಿದಂತೆ ಅರ್ಧ ತಿಳಿಯದಂತೆ ಇರುತ್ತದೆ ಎಂದರು ಅಕ್ಕೋರು. ಜನರೆಲ್ಲರ ಮನಸ್ಸನ್ನು ಆಳುವವನೇ, ಈ ದೇಶದ ಹಣೆಬರಹವನ್ನು ಬರೆಯುವವನೇ, ನಿನಗೆ ಜಯವಾಗಲಿ ಎಂಬುದು ಅದರ ಮೊದಲ ಮಾತು. ಆಮೇಲೆ ಒಂದೊಂದೇ ನಾಡಿನ ಹೆಸರು. ಪಂಜಾಬ, ಸಿಂಧ, ಗುಜರಾತ, ಮರಾಠರ ನಾಡು, ದ್ರಾವಿಡವೆಂದರೆ ನಾವಿರುವ ದಕ್ಷಿಣ, ಉತ್ಕಲವೆಂದರೆ ಒರಿಸ್ಸಾ, ಬಂಗಾಳ. ಆಮೇಲೆ ಬೆಟ್ಟಗಳು, ನದಿಗಳು, ಸಮುದ್ರ. ಇವೆಲ್ಲ ನಿನ್ನ ಹೆಸರಿನಿಂದ ಎಚ್ಚರಗೊಳ್ಳುತ್ತವೆ, ನಿನ್ನ ಆಶೀರ್ವಾದ ಬೇಡುತ್ತವೆ ಎಂದು ಹಾಡು ಮುಂದೆ ಹೋಗುತ್ತದೆ.

"ಪ್ರತಿಜ್ಞೆ ಬೇರೆ," ಎಂದರು. "ಹಾಡಿನಲ್ಲಿ ದೇಶವನ್ನು ಹೊಗಳ್ತೇವೆ. ಪ್ರತಿಜ್ಞೆಯಲ್ಲಿ ಮಾತು ಕೊಡ್ತೇವೆ. ನಾನು ಹೀಗೆ ನಡೆದುಕೊಳ್ತೇನೆ ಅಂತ ಕೈ ಮುಂದೆ ಮಾಡಿ ಮಾತು ಕೊಡೋದು."

ದಾರಿಯುದ್ದಕ್ಕೂ ಗಂಗಾ ಆ ಮಾತನ್ನು ಮನಸ್ಸಿನಲ್ಲಿ ಮಗುಚಿ ಹಾಕುತ್ತ ಬಂದಳು. ಮನೆ ಬರುವ ಹೊತ್ತಿಗೆ ಅವಳಿಗೊಂದು ದಾರಿ ಕಂಡಿತ್ತು.

ಅಂದು ಸಂಜೆ ದೀಪ ಹಚ್ಚಿದ ಮೇಲೆ ಗಂಗಾಳೂ ಬಂದು ಮಗಳ ಪಕ್ಕದಲ್ಲಿ ಕೂತಳು. ಅಭಿಜ್ಞಾ ಬಾಯಿಪಾಠ ಶುರುಮಾಡುವ ಮೊದಲೇ ಗಂಡನ ಕಡೆ ತಿರುಗಿದಳು.

"ನಿಂಗ ಬೆಳಿಗ್ಗೆ ಪೂಜೆಗೆ ಕೂತಾಗ ಮೊದ್ಲು ಎಂತ ಮಾಡ್ತಿ?"

"ಇದೆಂತ ಪರೀಕ್ಷೆನೆ? ಸಂಕಲ್ಪ ಮಾಡ್ತೆ."

"ಅದ್ರಲ್ಲಿ ಎಂತ ಹೇಳ್ತಿ?"

"ಭರತಖಂಡದಲ್ಲಿ, ಗೋದಾವರಿಯ ದಕ್ಷಿಣಕ್ಕೆ, ಇಂಥ ಸಂವತ್ಸರದ ಇಂಥ ದಿನ, ಇಂಥ ಗೋತ್ರದ ಆನು ಇಂಥ ಪೂಜೆ ಮಾಡ್ತೆ ಹೇಳಿ."

"ಅದ್ರ ಅರ್ಥ ಗೊತ್ತಿದ್ದು ಹಾಂಗಾರೆ. ಮಂತ್ರಕ್ಕೆ ಅರ್ಥ ಬ್ಯಾಡ ಹೇಳಿದ್ರಿ?"

"ಸಂಕಲ್ಪಕ್ಕೆ ಅರ್ಥ ಗೊತ್ತಿಲ್ದೆ ಹ್ಯಾಂಗೆ? ಎಲ್ಲಿದ್ದೆ, ಯಾರು, ಎಂತ ಮಾಡ್ತೆ ಹೇಳದೇ ಅದು."

"ಸಂಕಲ್ಪ ಮಾಡಿ, ಪೂಜೆ ಮಾಡದ್ದೆ ಎದ್ದು ಹೋದ್ರೆ?"

"ಛೆ ಛೆ! ಅದಕ್ಕಿಂತ ಸಂಕಲ್ಪ ಮಾಡದ್ದೆ ಇಪ್ಪದೇ ಒಳ್ಳೇದು."

"ನಮ್ಮ ಕೂಸು ಅದನ್ನೇ ಮಾಡ್ತಾ ಇದ್ದು," ಎಂದಳು ಗಂಗಾ. ದನಿ ಎತ್ತಲಿಲ್ಲ. "ಪ್ರತಿಜ್ಞೆಯೂ ಸಂಕಲ್ಪವೇ. ಇದು ಯನ್ನ ದೇಶ, ಇವೆಲ್ಲ ಯನ್ನ ಒಡಹುಟ್ಟಿದವು, ಎಲ್ಲರ ಹತ್ರ ಸೌಜನ್ಯದಲ್ಲಿ ನಡ್ಕತ್ತೆ ಹೇಳಿ ಕೈ ಮುಂದೆ ಮಾಡಿ ಹೇಳ್ತು. ಒಳಗೆ ಹೋಗಿ ಒಡಹುಟ್ಟಿದವಳಿಗೆ ಚಾಪೆ ಮೇಲೆ ಜಾಗ ಕೊಡ್ತಿಲ್ಲೆ. ದಿನಾ ಸಂಕಲ್ಪ, ದಿನಾ ಎದ್ದು ಹೋಗೂದು."

ನಾಗಪತಿ ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದರು.

ಗಂಗಾ ಮಗಳಿಗೆ ರಾಷ್ಟ್ರಗೀತೆಯ ಅರ್ಥ ಹೇಳತೊಡಗಿದಳು. ಎಷ್ಟು ಕೇಳಿ ಬಂದಿದ್ದಳೋ ಅಷ್ಟು. ನಾಡುಗಳ ಹೆಸರು ಬಂದಾಗ ಅಭಿಜ್ಞಾಳಿಗೆ ಅವೆಲ್ಲ ಎಲ್ಲಿವೆ ಎಂದೇ ಗೊತ್ತಾಗಲಿಲ್ಲ. ಗಂಗಾ ಮತ್ತೆ ಗಂಡನನ್ನು ಕೇಳಿದಳು. "ನಂಗ್ಳ ಅಡಿಕೆ ಶಿರಸಿ ಪೇಟೆಯಿಂದ ಎಲ್ಲಿಗೆ ಹೋಗ್ತು?"

ಅಡಿಕೆಯ ಮಾತು ಬಂದರೆ ನಾಗಪತಿ ಸುಮ್ಮನಿರುವವರಲ್ಲ. "ಬಿಳಿ ಅಡಿಕೆ ಗುಜರಾತಿಗೆ ಹೋಗ್ತು. ಕೆಂಪಡಿಕೆ ದಿಲ್ಲಿ, ಕಾನ್ಪುರ..."

"ದಿಲ್ಲಿ ಯಾವ ಹೊಳೆ ದಂಡೆಲ್ಲಿದ್ದು?"

"ಯಮುನೆ. ಕಾನ್ಪುರ ಗಂಗೆ ದಂಡೆಲ್ಲಿ." ನಾಗಪತಿ ಹೆಂಡತಿಯ ಕಡೆ ನೋಡಿ ಮೀಸೆಯಲ್ಲೇ ನಕ್ಕರು. "ಕೂಸೆ, ರಾಷ್ಟ್ರಗೀತೆಲ್ಲಿ ನಿನ್ನ ಆಯಿ ಹೆಸರೂ ಇದ್ದು ನೋಡು. ಅದಕ್ಕೇ ಇಷ್ಟು ಜೋರು."

"ಹಂಗಾರೆ ಆ ಹಾಡಲ್ಲಿ ಇಪ್ಪವೆಲ್ಲ ನಂಗ್ಳ ಅಡಿಕೆ ತಿಂತ್ವಾ ಅಪ್ಪ?" ಅಭಿಜ್ಞಾಳ ಕಣ್ಣು ದೊಡ್ಡದಾಯಿತು.

"ತಿಂತ ಮತ್ತೆ! ನಮ್ಮ ಅಡಿಕೆ ಅಂದ್ರೆ ಎಂತ ತಿಳ್ಕಂಡಿದ್ದೆ?"

"ಆ ಅಡಿಕೆ ಮರಕ್ಕೆ ಗೊಬ್ಬರ ಎಲ್ಲಿಂದು?" ಗಂಗಾ ಕೇಳಿದಳು.

"ಧೋಂಡುನ ಕೊಟ್ಟಿಗೆದು," ಎಂದುಬಿಟ್ಟರು ನಾಗಪತಿ. ಅಂದ ಮೇಲೆ ಅವರಿಗೇ ಏನೋ ಹೊಳೆದಂತಾಗಿ ಮಗಳ ಮುಖ ನೋಡಿದರು.

ವೆಂಕಮ್ಮನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. "ಗೊಬ್ಬರ ಕೊಡ್ಲಿ, ಬೆಣ್ಣೆ ಕೊಡ್ಲಿ. ಹೊರಗಿಂದ ಬಂದವು ಹೊರಗಿನವೇ ಅಲ್ದಾ?"

"ಅಜ್ಜೀ, ನಂಗ ಮೊದ್ಲಿಂದ ಇಲ್ಲೇ ಇದ್ವಾ?" ಅಭಿಜ್ಞಾ ಕೇಳಿದಳು.

ಇದನ್ನು ಹೇಳುವುದೆಂದರೆ ವೆಂಕಮ್ಮನಿಗೆ ಬಲು ಹೆಮ್ಮೆ. ಬೆನ್ನು ನೆಟ್ಟಗೆ ಮಾಡಿ ಕೂತರು. "ಅಲ್ಲ ಕೂಸೆ. ನಂಗ್ಳ ಹಿರಿಯರು ಉತ್ತರದಿಂದ ಬಂದವು. ಬನವಾಸಿ ಅರಸ ಯಜ್ಞ ಮಾಡ್ಸಲೆ ಹೇಳಿ ಕರೆಸ್ಕಂಡಿದ್ನಡ. ಎಷ್ಟು ದೂರದಿಂದ! ನಡಕೊಂಡೇ..." ಹೇಳುತ್ತ ಹೇಳುತ್ತ ಅವರ ಮಾತು ನಿಧಾನವಾಯಿತು. ನಿಂತಿತು.

ಯಾರೂ ನಗಲಿಲ್ಲ. ಅಭಿಜ್ಞಾ ಅಜ್ಜಿಯನ್ನೇ ನೋಡುತ್ತಿದ್ದಳು. ವೆಂಕಮ್ಮ ಬತ್ತಿಯ ಹತ್ತಿಯನ್ನು ಮಡಿಲಿನಿಂದ ಕೊಡವಿಕೊಂಡು, "ಎಲ್ಲರೂ ಎಲ್ಲಿಂದಲಾದ್ರೂ ಬಂದವೇ ಆಗಿಕ್ಕು," ಎಂದರು.

ಅಭಿಜ್ಞಾ ಅಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ಅಪ್ಪ, ಸಂಕಲ್ಪ ಮಾಡಿ ಎದ್ದು ಹೋದವು ಆಮೇಲೆ ಎಂತ ಮಾಡವು?"

"ತಿರುಗಿ ಬಂದು ಕೂತು ಪೂಜೆ ಪೂರಾ ಮಾಡವು," ಎಂದರು ನಾಗಪತಿ.

ಮರುದಿನ ರಜೆ. ತಾಯಿ ಮಗಳು ಗೌಳಿವಾಡೆಗೆ ಹೊರಟರು. ದಾರಿಯಲ್ಲಿ ಅಭಿಜ್ಞಾ ಎರಡು ಬಾರಿ ನಿಂತಳು. "ಭಾಗೂ ಬೈದ್ರೆ?" ಎಂದಳು. "ಬೈಸ್ಕಳವು," ಎಂದಳು ಗಂಗಾ. "ಅವರಪ್ಪ ಒಳಗೆ ಕರೀದಿದ್ರೆ?" "ಹೊರಗೇ ನಿಂತು ಹೇಳವು. ಚಾಪೆ ಹೊರಗೆ ಕೂತಿದ್ದು ಹ್ಯಾಂಗಾಗಿತ್ತು ಭಾಗೂಗೆ ಹೇಳಿ ಗೊತ್ತಾಗ್ತು."

ಧೋಂಡು ಎಮ್ಮೆಯ ಮೈ ತಿಕ್ಕುತ್ತಿದ್ದ. ಹೆಗಡೇರ ಮನೆಯವರನ್ನು ಕಂಡು ಕೈ ತೊಳೆದುಕೊಂಡ. ಠಕೂಬಾಯಿ ಕಂ‍ಬಳಿ ಹಾಸಿದಳು. ಭಾಗೂ ಎಮ್ಮೆಯ ಆ ಬದಿಗೆ ಸರಿದು ನಿಂತಳು. ಅವಳ ಕಾಲು ಮಾತ್ರ ಕಾಣುತ್ತಿತ್ತು.

ಅಭಿಜ್ಞಾಳಿಗೆ ಧೋಂಡುವನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಭಾಗೂ ಯಾರನ್ನೋ ಕರೆಯುತ್ತಿದ್ದುದು ನೆನಪಾಗಿ "ಮಾಮಾ" ಎಂದಳು. ಠಕೂಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಮಾಮಾ, ಭಾಗೂನ ಶಾಲೆಗೆ ಕಳಿಸಿ. ನಾನು ಕೆಟ್ಟ ಮಾತು ಹೇಳಿದೆ."

"ಹುಡುಗರ ಮಾತು, ಹೋಗ್ಲಿ ಬಿಡವ್ವಾ," ಎಂದ ಧೋಂಡು. "ಎಮ್ಮಿ ಕಾಯಾಕೂ ಮಂದಿ ಬೇಕಲ್ಲ."

ಅಷ್ಟಕ್ಕೇ ಮುಗಿಸಿ ಅವನು ಎಮ್ಮೆಯ ಕಡೆ ತಿರುಗಿದ. ಗಂಗಾ ಇದನ್ನು ಮಗಳೇ ಹೇಳಬೇಕು ಎಂದು ಬೆರಳು ಬಿಗಿಹಿಡಿದು ಕೂತಳು.

"ಮಾಮಾ, ರಾಷ್ಟ್ರಗೀತೆಯಲ್ಲಿ ನಿಮ್ಮ ಹೆಸರಿದೆ," ಎಂದಳು ಅಭಿಜ್ಞಾ ಅವಸರದಲ್ಲಿ. "ಮರಾಠರದ್ದೂ ಇದೆ, ನಮ್ಮದೂ ಇದೆ. ನಮ್ಮದಕ್ಕಿಂತ ಮೊದಲು ನಿಮ್ಮದೇ ಬರ್ತದೆ. ನಂಗೆ ಗೊತ್ತಿರಲಿಲ್ಲ. ದಿನಾ ಹೇಳ್ತಿದ್ದೆ, ಗೊತ್ತಿರಲಿಲ್ಲ."

ಧೋಂಡು ಹೆಂಡತಿಯ ಮುಖ ನೋಡಿದ. ಠಕೂಬಾಯಿ, "ಖರೇನಾ?" ಎಂದಳು.

"ಖರೇ," ಎಂದಳು ಭಾಗೂ ಎಮ್ಮೆಯ ಹಿಂದಿನಿಂದ. "ಐತಿ."

ಧೋಂಡು ಅಭಿಜ್ಞಾಳ ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತ. "ಹಾಡಿನಾಗ ಐತಿ, ಸರಿ. ನಿಮ್ಮ ಶಾಳಿ ಚಾಪಿ ಮ್ಯಾಲ ಐತೇನವ್ವಾ?"

ಅಭಿಜ್ಞಾಳ ಕಣ್ಣಲ್ಲಿ ನೀರು ತುಂಬಿತು. ಆದರೆ ಅವಳು ಅವನ ಮುಖವನ್ನೇ ನೋಡಿ ಹೇಳಿದಳು. "ಇದೆ. ನನ್ನ ಪಕ್ಕದಲ್ಲಿ ಇದೆ. ಯಾರಾದರೂ ಕಾಲು ಚಾಚಿದರೆ ನಾನು ಜಗಳ ಮಾಡ್ತೇನೆ."

ಭಾಗೂ ಈಚೆಗೆ ಬಂದಳು. ಕೈಯಲ್ಲಿ ಹುಲ್ಲಿನ ಕಡ್ಡಿ ಇತ್ತು. ಅದನ್ನು ತುಂಡು ತುಂಡು ಮಾಡುತ್ತ ನಿಂತಳು. "ನಾ ಬಂದ್ರ ಪ್ರತಿಜ್ಞಾ ನಾನ ಹೇಳಸ್ತೇನಿ," ಎಂದಳು. "ನೀ ಕೇಳಿದ್ರೂ ಬಿಟ್ಟುಕೊಡಾಂಗಿಲ್ಲ."

ಅಭಿಜ್ಞಾಳಿಗೆ ಅದು ಎಷ್ಟು ದಿನದ ಆಸೆ! "ನೀನೇ ಹೇಳಿಸು," ಎಂದಳು. "ನಿನ್ನ ದನಿಯೇ ದೊಡ್ಡದು. ನಂದು ಬಾಗಿಲ ತನಕವೂ ಹೋಗೋದಿಲ್ಲ."

"ನೀ ಭಾಳ ಜೋರ ಓಡಿಸ್ತಿ," ಎಂದಳು ಭಾಗೂ. "ಎಮ್ಮಿ ಬೆನ್ನ ಹತ್ತಿದಂಗ." ಮೊದಲು ನಕ್ಕವಳು ಠಕೂಬಾಯಿ. ಆಮೇಲೆ ಎಲ್ಲರೂ ನಕ್ಕರು. ತಂಬಿಗೆಯಲ್ಲಿ ಮಜ್ಜಿಗೆ ಬಂತು. ತಾಯಿ ಮಗಳು ಕುಡಿದೇ ಹೊರಟರು.

ಆಗಸ್ಟ್ ಹದಿನೈದು ಬಂತು. ಶಾಲೆಯ ಅಂಗಳದಲ್ಲಿ ಊರವರು ಸೇರಿದರು. ದೊಡ್ಡವರು ಎಂದಿನಂತೆ ಹಿಂದೆ ಗೋಡೆಗೆ ಒರಗಿ ಮಾತಾಡುತ್ತಿದ್ದರು. ಬಾವುಟ ಏರಿತು. ರಾಷ್ಟ್ರಗೀತೆ ಶುರುವಾದಾಗ ಗಂಗಾ ಮಾತಾಡುತ್ತಿದ್ದವರ ಕಡೆ ಒಮ್ಮೆ ತಿರುಗಿ ನೋಡಿದಳು. ಅಷ್ಟೇ ಸಾಕಾಯಿತು. ಎಲ್ಲರೂ ನೆಟ್ಟಗೆ ನಿಂತರು. ವೆಂಕಮ್ಮನೂ ಮೊಮ್ಮಗಳ ಹೆಗಲು ಹಿಡಿದು ಎದ್ದು ನಿಂತರು.

ಆಮೇಲೆ ಭಾಗೂ ಮುಂದೆ ಬಂದಳು. ಕೈ ಚಾಚಿದಳು. ಒಂದೊಂದೇ ಮಾತು ಹೇಳಿ ನಿಲ್ಲಿಸಿದಳು. ಎಲ್ಲರೂ ಹೇಳಿ ಮುಗಿಸುವವರೆಗೆ ಕಾದಳು. ಮಕ್ಕಳಿಗೆ ಅಷ್ಟು ನಿಧಾನ ಅಭ್ಯಾಸವಿರಲಿಲ್ಲ. ಕೆಲವರು ಮುಂದೆ ಓಡಿ, ನಾಚಿ, ಹಿಂದೆ ಬಂದರು.

ಧೋಂಡು ಒಳಗೆ ಬಂದಿರಲಿಲ್ಲ. ಶಾಲೆಯ ಬೇಲಿಯ ಹೊರಗೆ, ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿದ್ದ. ನಾಗಪತಿ ಅವನನ್ನು ಕಂಡರು. ಸಾಲು ಬಿಟ್ಟು ಬೇಲಿಯವರೆಗೆ ಹೋದರು.

"ಒಳಗೆ ಬಾರೋ ಧೋಂಡು. ಇದು ಬೇಲಿ ಹೊರಗೆ ನಿಂತು ಹೇಳೋದಲ್ಲ."

"ನಂಗ ಹೇಳಾಕ ಬರೂದಿಲ್ರಿ ಹೆಗಡೇರ."

"ನಿನ್ನ ಮಗಳೇ ಹೇಳಿಸ್ತಾ ಇದ್ದಾಳೆ. ನನ್ನ ಪಕ್ಕ ನಿಲ್ಲು. ಇಬ್ಬರೂ ಅವಳ ಹಿಂದೆ ಹೇಳುವ."

ಧೋಂಡು ತಲೆಯ ಮೇಲಿನ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡ. ಒಳಗೆ ಬಂದ. ನಾಗಪತಿಯ ಪಕ್ಕದಲ್ಲಿ ನಿಂತು ಕೈ ಮುಂದೆ ಮಾಡಿದ. ಭಾಗೂ ಅಪ್ಪನನ್ನು ನೋಡಿ ಒಂದು ಗಳಿಗೆ ತಡೆದಳು. ಆಮೇಲೆ ಮುಂದಿನ ಮಾತನ್ನು ಇನ್ನೂ ದೊಡ್ಡ ದನಿಯಲ್ಲಿ ಹೇಳಿದಳು.

ಅಕ್ಕ ತಂಗಿಯರೆ, ಅಣ್ಣ ತಮ್ಮಂದಿರೆ,

ನಿಮ್ಮ ಮನೆಯ ಮಗುವಿಗೂ ಪ್ರತಿಜ್ಞೆ ಬಾಯಿಪಾಠ ಬರುತ್ತದೆ. ದಿನಕ್ಕೆ ಒಂದೇ ಒಂದು ಮಾತು ತೆಗೆದುಕೊಳ್ಳಿ. ರೊಟ್ಟಿ ತಟ್ಟುತ್ತ ಕೇಳಬಹುದು, ಜಡೆ ಹಾಕುತ್ತ ಕೇಳಬಹುದು, ಅದಕ್ಕೆ ಬೇರೆ ಹೊತ್ತು ಬೇಕಾಗಿಲ್ಲ. ನಡುವಿನಿಂದ ಕೇಳಿ. ಮೊದಲಿಂದ ಓಡಿಸಲು ಬಿಡಬೇಡಿ. ಅರ್ಥ ನಿಮಗೂ ತಿಳಿಯದಿದ್ದರೆ ನಾಚಿಕೆ ಬೇಡ, ಶಾಲೆಗೆ ಹೋಗಿ ಅಕ್ಕೋರನ್ನೋ ಮಾಸ್ತರನ್ನೋ ಕೇಳಿ ಬನ್ನಿ. ರಾಷ್ಟ್ರಗೀತೆ ರೇಡಿಯೋದಲ್ಲಿ ಬಂದಾಗ ನೀವು ಎದ್ದು ನಿಂತರೆ ಮಗುವೂ ನಿಲ್ಲುತ್ತದೆ. ಮನೆಯಲ್ಲಿ ನೆರೆಯವರ ಬಗ್ಗೆ ಆಡುವ ಮಾತನ್ನು ಸ್ವಲ್ಪ ನೋಡಿಕೊಂಡು ಆಡಿ. ನಾವು ಆಡಿ ಮರೆಯುತ್ತೇವೆ, ಅವರು ಅದನ್ನು ಶಾಲೆಗೆ ಕೊಂಡೊಯ್ಯುತ್ತಾರೆ.

ನಾನೂ ಮಕ್ಕಳ ತಾಯಿ. ಮಕ್ಕಳು ದೊಡ್ಡ ದೊಡ್ಡ ಮಾತು ಕಲಿತರೆ ಸಾಲದು, ಕೊಟ್ಟ ಮಾತು ನಡೆಸಲು ಕಲಿಯಬೇಕು. ಅದನ್ನು ಕಲಿಸುವ ತನಕ ನಾವು ಬಿಡಬಾರದು. ಇವತ್ತು ಸಂಜೆಯೇ ಶುರುಮಾಡಿ. ನಿಮ್ಮ ಮಗು ಪ್ರತಿಜ್ಞೆ ಹೇಳಿ ಮುಗಿಸಲಿ. ಆಮೇಲೆ ಹತ್ತಿರ ಕೂರಿಸಿಕೊಂಡು ಕೇಳಿ: "ಶಾಲೆಯಲ್ಲಿ ಒಬ್ಬರೇ ಕೂರುವವರು ಯಾರು ಮಗಾ?"

ಹೆಸರು ಹೇಳುವವರೆಗೂ ಕಾಯಿರಿ.